ಉತ್ತರದ ಗೋಲಿನವರು

ಏಪ್ರಿಲ್ 7, 2014, ಸೋಮವಾರ

ಕ್ಲಬ್ಬಿನ ಫುಟ್‌ಬಾಲ್ ಮೈದಾನಕ್ಕೆ ರೋಲರ್ ಹೊಡೆದೆ. ಉತ್ತರದ ಗೋಲಿನ ಮುಂದೆ ಅದೇ ಬೋಳು. ಶನಿವಾರ ಎದುರು ತಂಡದ ಗೋಲ್‌ಕೀಪರ್ ರೇಗಿಸಿದ, "ಏನ್ ಯಜಮಾನ್ರೇ, ನಿಮ್ ತಲೆ ಥರಾನೇ ಇದೆಯಲ್ಲ!" ನಕ್ಕೆ. ಅಲ್ಲಿ ನನ್ನ ಹೆಂಡತಿ ಹೇಝಲ್ ಇದ್ದಾಳೆ ಎಂದು ಹೇಗೆ ಹೇಳುವುದು...

ನಲವತ್ತೊಂದು ವರ್ಷದಿಂದ ಈ ಹುಲ್ಲಿನ ಕೆಲಸ ನನ್ನದು. ಸತ್ತವರ ಬೂದಿ ತಂದರೆ ಒಂದೇ ಚಮಚ ಬಿಡುತ್ತೇನೆ, ಹುಲ್ಲನ್ನು ಮಣ್ಣಿನ ಸಮೇತ ಎತ್ತಿ, ಅದರ ಕೆಳಗೆ. ಹೆಚ್ಚಾದರೆ ಹುಲ್ಲು ಸುಟ್ಟುಹೋಗುತ್ತದೆ. ಎಷ್ಟು ಜನರನ್ನು ಬೈದಿಲ್ಲ! ಹೇಝಲ್‌ಳ ಡಬ್ಬಿ ಮಾತ್ರ ಪೂರ್ತಿ ಸುರಿದುಬಿಟ್ಟೆ. ಆರು ವರ್ಷವಾಯಿತು.

ಏಪ್ರಿಲ್ 10

ಕ್ಲಬ್ ಕಾರ್ಯದರ್ಶಿ ಗ್ಲೆನಿಸ್ ಶೆಡ್ಡಿಗೆ ಬಂದಳು. ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸುತ್ತಾರಂತೆ. ಸೀಸನ್ ಮುಗಿದ ಸೋಮವಾರವೇ ಒಂದಡಿ ಮಣ್ಣು ಕೆತ್ತಿ ಒಯ್ಯುತ್ತಾರಂತೆ.

"ಅದ್ರೊಳಗಿರೋರು?"

"ನಮ್ಮಪ್ಪನೂ ಅಲ್ಲೇ ಇದಾನಲ್ಲ ಆಲ್ವಿನ್ ಮಾಮ, ಕಾರ್ನರ್ ಹತ್ರ. ನಂಗೇನ್ ಖುಷೀನಾ?"

ಚಳಿಗಾಲದಲ್ಲಿ ನೀರು ನಿಂತು ಒಂಬತ್ತು ಪಂದ್ಯ ರದ್ದು. ಹೀಗಾದರೆ ಕ್ಲಬ್ಬೇ ಮುಚ್ಚಬೇಕು. ಅವಳ ಮೇಲೆ ಸಿಟ್ಟಾಗುವಂತಿಲ್ಲ. ಆದರೂ ಆದೆ.

ಏಪ್ರಿಲ್ 13

ಏನೂ ಮಾಡಲಿಲ್ಲ. ಹಳೆಯದೇ ನೆನಪು. 1961ರಲ್ಲಿ ಬಂದಾಗ ನಮ್ಮ ಈ ಹೊಸ ಊರು ಹಾರ್ಟ್‌ಮೂರ್ ಬರೀ ಕೆಸರು, ಅರ್ಧ ಕಟ್ಟಿದ ಬೀದಿಗಳು. ಲಂಡನ್ನಿನ ಒಂಟಿ ಕೋಣೆಯಿಂದ ಬಂದ ಹೇಝಲ್ ಸ್ವಂತ ಬಚ್ಚಲಿನ ನಲ್ಲಿ ತಿರುಗಿಸಿ ತಿರುಗಿಸಿ ನಕ್ಕಳು. ಊರಿನ ನಕ್ಷೆ ಬರೆದವರು ಶಾಲೆ, ಅಂಗಡಿ, ಪಬ್, ಮೈದಾನ ಎಲ್ಲ ಬರೆದರು — ಸ್ಮಶಾನ ಮರೆತರು. ಬಂದವರೆಲ್ಲ ಇಪ್ಪತ್ತೈದರವರು, ಯಾರು ಕೇಳಬೇಕು?

ಬೀದಿಯವರ ಹೆಸರು ಗೊತ್ತಾದದ್ದೇ ಶನಿವಾರದ ಪಂದ್ಯಗಳಲ್ಲಿ. ಹೇಝಲ್ ಎಲ್ಲರಿಗೂ ಚಹಾ ಕೊಡುತ್ತಿದ್ದಳು, ರೆಫರಿಗೆ ಬೈಗುಳ. ಎಂಥ ಕಾಲ ಅದು! ಮೊದಲು ಹೋದವನು ನಮ್ಮ ಸೆಂಟರ್ ಫಾರ್ವರ್ಡ್. ಅವನನ್ನು ಬೇರೆಲ್ಲಿ ಇಡುವುದು? ಹಾಗೆ ಶುರುವಾಯಿತು.

ಏಪ್ರಿಲ್ 26, ಸಂಜೆ

ಕೊನೆಯ ಪಂದ್ಯ. 2-2. ಆಮೇಲೆ ಸತ್ತವರ ಮನೆಯವರೆಲ್ಲ ಗುದ್ದಲಿ, ಬಕೆಟ್ ಹಿಡಿದು ಬಂದರು. ಜಾಗ ತೋರಿಸಿದೆ. ತಮ್ಮತಮ್ಮವರ ಮಣ್ಣು ತುಂಬಿಕೊಂಡರು. ಗ್ಲೆನಿಸ್ ಅಪ್ಪನಿಗೆ ಹೂಕುಂಡ ತಂದಿದ್ದಳು.

"ನಿಮ್ ಬಕೆಟ್ ಎಲ್ಲಿ ಮಾಮ?"

"ತಂದಿಲ್ಲ."

"ಅಯ್ಯೋ, ಅತ್ತೇನ ಬಿಟ್ಬಿಡ್ತೀರಾ?"

"ಕುಂಡದಲ್ಲಿ ಒಬ್ಳೇ ಕೂರೋಳಲ್ಲ ಕಣೇ ಅವ್ಳು. ಜನ ಬೇಕು."

ಕೇಳುವವರೇ ಇಲ್ಲದವರು ಇನ್ನೂ ಮೂವತ್ತು ಮಂದಿ ಒಳಗಿದ್ದಾರೆ. ಎಲ್ಲರಿಗೂ ಚಹಾ ಕೊಟ್ಟವಳು. ಅವರ ಜೊತೆಗೇ ಇರಲಿ... ಸರಿಯೋ ತಪ್ಪೋ ತಿಳಿಯದು.

ಏಪ್ರಿಲ್ 28, ಬೆಳಗ್ಗೆ 7.20

ಮಣ್ಣು ಕೆತ್ತುವ ಯಂತ್ರ ಬಂತು. ಲಾರಿಯವನು ಡೇಲ್ ಎಂಬ ದಢೂತಿ ಆಸಾಮಿ.

"ಈ ಮಣ್ಣು ಎಲ್ಲಿಗಪ್ಪಾ?"

"ಹೊಸ ಸರ್ಕಲ್‌ಗೆ. ನಡುವೆ ಗುಡ್ಡೆ ಮಾಡ್ತಾರೆ."

ಸರ್ಕಲ್! ಈ ಊರಲ್ಲಿ ಇರುವ ಹತ್ತೊಂಬತ್ತು ಸಾಲದೆ? ಕಾರು ಕಲಿಯುವಾಗ ಹೇಝಲ್ ಒಂದರಿಂದ ಹೊರಬರಲಾಗದೆ ಐದು ಸುತ್ತು ಹೊಡೆದಿದ್ದಳು. ನಗು ಬಂತು. ಆಮೇಲೆ ಅಳು, ಜೋರಾಗಿಯೇ. ಡೇಲ್ ಇಂಜಿನ್ ಆರಿಸಿ ಇಳಿದ. ಎಲ್ಲ ಹೇಳಿದೆ. ಟೋಪಿ ತೆಗೆದ, ಲಾರಿಯ ಬಾಗಿಲು ತೆರೆದು ಹಿಡಿದ.

"ಹತ್ತಿ ತಾತ. ಎಲ್ಲಿ ಸುರೀಬೇಕು ಅಂತ ನೀವೇ ತೋರ್ಸಿ."

8.05

ಉತ್ತರದ ಗೋಲೇ ಮೊದಲ ಲೋಡು. ಕೋಟು ಹಾಕಿಕೊಂಡೆ. ಹಾರ್ನ್ ಹೊಡೆಯುತ್ತಿದ್ದಾನೆ — ಬಂದೆ, ಬಂದೆ. ಹೇಝಲ್, ದೂರವೇನಿಲ್ಲ. ಎಲ್ಲರೂ ಇದ್ದಾರೆ. ನಾನು ಮುಂದೆ ಕೂತಿರುತ್ತೇನೆ, ನೀನು ಹಿಂದೆ