ಅಕ್ಕನ ಹಳೇ ವಿಳಾಸ

ಮಾರ್ಚ್ ೧೧, ಮಂಗಳವಾರ

ಇವತ್ತೂ ‘ನಳಿಕೆ ಊಟ’ ಅಂತ ಗೂಗಲ್‌ನಲ್ಲಿ ಹುಡುಕಿದೆ. ಮೊದಲ ಸಾಲಿನಲ್ಲೇ ಸಿಗುತ್ತಿದ್ದ ಅಕ್ಕನ ಬರಹ ಈಗ ಆರನೇ ಪುಟದಲ್ಲೂ ಇಲ್ಲ.

ಗಂಟಲ ಕ್ಯಾನ್ಸರಿನಲ್ಲಿ ನಳಿಕೆಯಿಂದ ಉಣ್ಣುತ್ತಲೇ ಅವಳು ತನ್ನಂಥವರಿಗಾಗಿ ತನ್ನ ವೆಬ್‌ಸೈಟಿನಲ್ಲಿ ಬರೆದಿಟ್ಟ ನೂರಾ ನಲವತ್ತು ಪುಟಗಳನ್ನೂ ನಾನು ಮಾಡಿದ ಹೊಸ ವೆಬ್‌ಸೈಟಿಗೆ ಸಾಗಿಸಿದ್ದೆ. ಹಳೇ ವಿಳಾಸಕ್ಕೆ ಬಂದವರು ತಾವಾಗೇ ಹೊಸದಕ್ಕೆ ತಲುಪುವ ಹಾಗೆ ಒಂದೊಂದು ಪುಟಕ್ಕೂ ದಾರಿ ಮಾಡಿದ್ದೆ. ಗೂಗಲ್‌ಗೆ ಹೊಸದರ ಪರಿಚಯವಾಗಿ ಅದು ಬೇರೂರುವ ತನಕ ಹಳೇದು ಬದುಕಿರಬೇಕಿತ್ತು. ಆ ಹಳೇ ವಿಳಾಸ ಅಕ್ಕನ ಹೆಸರಿನಲ್ಲೇ ಇತ್ತು, ಅವಳು ತೀರಿಕೊಂಡ ಮೇಲೆ ಭಾವನ ಕೈಗೆ ಬಂತು. ಹೋದ ತಿಂಗಳು ಭಾವ ಅದನ್ನು ರದ್ದು ಮಾಡಿಸಿಬಿಟ್ಟರು.

“ಒಂದೇ ಒಂದು ವರ್ಷ ಬಿಡಿ ಭಾವ” ಅಂತ ಅಂಗಲಾಚಿದ್ದೆ.

“ಅವಳಿಲ್ಲ, ಅವಳ ಹೆಸರು ಮಾತ್ರ ಎಲ್ಲಾ ಕಡೆ ಇದೆ. ನನ್ನ ಕೈಲಿ ನೋಡೋಕಾಗಲ್ಲಮ್ಮ” ಅಂದರು.

ಅವರನ್ನು ಬೈಯಲೂ ಬಾಯಿ ಬರುತ್ತಿಲ್ಲ. ಆದರೆ ನಳಿಕೆಯಲ್ಲಿ ಊಟ ಸಿಕ್ಕಿಕೊಂಡು ಗಾಬರಿಯಾದವರು ಯಾರೋ ಈಗಲೂ ಹುಡುಕುತ್ತಿರುತ್ತಾರೆ. ಅವರಿಗೆ ಸಿಗುವುದು ನಳಿಕೆ ಮಾರುವ ಅಂಗಡಿಗಳಷ್ಟೇ.