ಷರಾ ಕಾಲಮಿನಲ್ಲಿ ನಾನು ಬರೆದದ್ದು

ಬನ್ನಂಜೆ, ಉಡುಪಿ
೧೧ ಫೆಬ್ರವರಿ ೧೯೮೩

ಪ್ರೀತಿಯ ಲೊರ್ನಾ,

ದೇವರು ನಿನ್ನನ್ನು ಆ ಪರದೇಶದಲ್ಲಿ ಸುಖವಾಗಿಟ್ಟಿರಲಿ.

ಬಹರೈನಿನಿಂದ ನೀನು ಬರೆದ ಪತ್ರ ಮೊನ್ನೆ ತಲುಪಿತು. ಆಸ್ಪತ್ರೆಯ ದುಡಿಮೆಯ ನಡುವೆಯೂ ನಿನ್ನ ಅಕ್ಷರ ಕೆಟ್ಟಿಲ್ಲ, ಸಂತೋಷವಾಯಿತು. ಆದರೆ ಪತ್ರದಲ್ಲಿ ಎರಡು ತಪ್ಪುಗಳಿವೆ. ತಪ್ಪನ್ನು ತಿದ್ದದೆ ಬಿಡುವ ಅಭ್ಯಾಸ ನನಗಿಲ್ಲವೆಂಬುದನ್ನು ನನ್ನ ವಿದ್ಯಾರ್ಥಿನಿಯಾಗಿದ್ದ ನೀನು ಬಲ್ಲೆ. ನಿನ್ನ ಅಣ್ಣ ಕ್ಲಾರೆನ್ಸ್ ಮೇಷ್ಟರ ಕೆಲಸಕ್ಕೆ ತಾನಾಗಿಯೇ ರಾಜೀನಾಮೆ ಕೊಟ್ಟನೆಂದು ಬರೆದಿದ್ದೀಯೆ. ಅದು ಸರಿಯಲ್ಲ. ಕಾರ್ಕಳದ ವಿಚಾರಣೆಯಲ್ಲಿ ದೊಡ್ಡ ಟೀಚರ್, ಅಂದರೆ ನಾನು, ಒಬ್ಬರೇ ಅವನ ಪರವಾಗಿ ಹೋರಾಡಿದರು, ಆ ಉಪಕಾರವನ್ನು ಮರೆಯಲಾರೆ ಎಂದೂ ಬರೆದಿದ್ದೀಯೆ. ಇದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಕ್ಲಾರೆನ್ಸ್ ನಿನಗೆ ಹಾಗೆ ಹೇಳಿದ್ದರೆ ಅದು ಅವನ ಸೌಜನ್ಯ.

ಬಲವಂತದಿಂದ ಬರೆಸಿಕೊಂಡ ರಾಜೀನಾಮೆಯನ್ನು ಇಂದಿಗೂ ಪ್ರಶ್ನಿಸಬಹುದು, ಆದರೆ ಅಂದು ಅಲ್ಲಿದ್ದವರೊಬ್ಬರು ನಡೆದದ್ದನ್ನು ಬರೆದು ಸಹಿ ಮಾಡಿ ಮಾರ್ಚ್ ಮುಗಿಯುವುದರೊಳಗೆ ಕೊಡಬೇಕು ಎಂದು ನಿಮ್ಮ ವಕೀಲರು ಹೇಳಿದ್ದಾರಷ್ಟೆ? ಹಾಗಾದರೆ ಮೊದಲಿನಿಂದ ಬರೆಯುತ್ತೇನೆ.

೧೯೭೯ರ ಕೊನೆಯಲ್ಲಿ ಪಡಿತರ ಚೀಟಿಗಾಗಿ ಮನೆಮನೆಯ ಪಟ್ಟಿ ಮಾಡುವ ಕೆಲಸವನ್ನು ನಮ್ಮ ಶಾಲೆಯ ಶಿಕ್ಷಕರಿಗೆ ವಹಿಸಿದ್ದರು. ಒಂದು ಒಲೆಗೆ ಒಂದು ಚೀಟಿ ಎಂಬುದು ನಿಯಮ. ಸಕ್ಕರೆಗೂ ಸೀಮೆಎಣ್ಣೆಗೂ ಜನ ಸಾಲು ನಿಲ್ಲುತ್ತಿದ್ದ ಕಾಲ. ಒಂದೇ ಒಲೆಗೆ ಎರಡು ಚೀಟಿ ಕೇಳುವವರು ಬಹಳ. ಉಳಿದ ಶಿಕ್ಷಕರು ಜಗಲಿಯಲ್ಲಿ ಕುಳಿತು, ಕೊಟ್ಟ ಚಹಾ ಕುಡಿದು, ಹೇಳಿದಂತೆ ಬರೆದು ಬರುತ್ತಿದ್ದರು. ನಾನು ಅಡಿಗೆಮನೆಗೆ ಹೋಗಿ ಒಲೆ ನೋಡಿಯೇ ಬರೆಯುತ್ತಿದ್ದೆ.

ನನ್ನ ಪಾಲಿಗೆ ಬಂದ ಬೀದಿಗಳಲ್ಲೊಂದು ಉದ್ಯಾವರದಲ್ಲಿ ಕ್ಲಾರೆನ್ಸ್ ಬಾಡಿಗೆಗಿದ್ದ ಬೀದಿ. ಅವನೂ ರೇಡಿಯೋ ರಿಪೇರಿ ಮಾಡುವ ಉಮಾನಾಥನೂ ಆ ಮನೆಯಲ್ಲಿ ಇದ್ದರು. ಬೇರೆ ಬೇರೆ ಎರಡು ಚೀಟಿ ಬರೆಯಬಹುದೇ ಎಂದು ಕ್ಲಾರೆನ್ಸ್ ಮೆಲ್ಲಗೆ ಕೇಳಿದ. ನಾನು ಒಳಗೆ ಹೋದೆ. ಒಲೆ ಒಂದೇ ಇತ್ತು. ಹೆಗಲಿಗೆ ಬೈರಾಸು ಹಾಕಿಕೊಂಡ ಉಮಾನಾಥ ಅದರ ಮುಂದೆ ಕುಳಿತು ಬಂಗುಡೆ ಸಾರು ಕುದಿಸುತ್ತಿದ್ದ. ಮನೆಯ ಯಜಮಾನನಿಗೂ ಇವನಿಗೂ ಏನು ಸಂಬಂಧವೆಂದು ಬರೆಯಲಿ ಎಂದು ನಾನು ಕೇಳಿದಾಗ ಅವನು ನಕ್ಕ.

“ಅಡಿಗೆಭಟ್ಟ ಅಂತ ಬರೆಯಿರಿ ಟೀಚರೇ. ಸುಳ್ಳಾಗುವುದಿಲ್ಲ. ಇವರಿಗೆ ನೀರು ಕುದಿಸ್ಲಿಕ್ಕೂ ಬರುವುದಿಲ್ಲ.”

ಕ್ಲಾರೆನ್ಸ್ ನಗಲಿಲ್ಲ. “ಆ ಕಾಲಮು ಖಾಲಿ ಬಿಡಿ ಟೀಚರ್,” ಎಂದ.

ಖಾಲಿ ಬಿಡುವವಳು ನಾನಲ್ಲ. ಕ್ಲಾರೆನ್ಸನೂ ಉಮಾನಾಥನೂ ಅಣ್ಣತಮ್ಮಂದಿರೆಂದು ಬರೆದರೆ ಹೆಸರು ಓದಿದವರು ನಕ್ಕಾರು. ಸಂಬಂಧದ ಕಾಲಮಿನಲ್ಲಿ ‘ಇಲ್ಲ’ ಎಂದು ಬರೆದೆ. ಪಕ್ಕದ ಷರಾ ಕಾಲಮಿನಲ್ಲಿ, ಎರಡು ಚೀಟಿ ಏಕೆ ಕೊಡಲಿಲ್ಲವೆಂದು ಮೇಲಿನವರಿಗೆ ತಿಳಿಯಲೆಂದು, ‘ಇಬ್ಬರೂ ಅವಿವಾಹಿತರು. ಎಂಟು ವರ್ಷಗಳಿಂದ ಜತೆಯಾಗಿ ವಾಸ. ಒಲೆ ಒಂದೇ’ ಎಂದು ಸೇರಿಸಿದೆ. ಒಂದಕ್ಷರವೂ ಸುಳ್ಳಲ್ಲ. ನನ್ನ ಪಟ್ಟಿಯಷ್ಟು ಸ್ವಚ್ಛವಾದ ಪಟ್ಟಿ ಬೇರೊಂದಿಲ್ಲವೆಂದು ಕಚೇರಿಯಲ್ಲಿ ಹೇಳಿದರು. ನಾನು ಹಿಗ್ಗಿದೆ.

ಅಲ್ಲಿಂದ ಅದು ಯಾರ ಕೈಗೆ ಹೋಯಿತೋ ಅರಿಯೆ. ಮೂರು ತಿಂಗಳಲ್ಲಿ ಕ್ಲಾರೆನ್ಸನಿಗೆ ಆರೋಪಪಟ್ಟಿ ಬಂತು: ಸರಕಾರಿ ನೌಕರನಿಗೆ ತಕ್ಕುದಲ್ಲದ ನಡತೆ. ಮಕ್ಕಳು ದೂರಿರಲಿಲ್ಲ, ಹೆತ್ತವರು ದೂರಿರಲಿಲ್ಲ; ಗಣಿತದಲ್ಲಿ ಅವನ ತರಗತಿಯೇ ಮುಂದಿತ್ತು. ಲಗತ್ತಿಸಿದ್ದ ಸಾಕ್ಷ್ಯ ಒಂದೇ, ನನ್ನ ಷರಾ.

ವಿಚಾರಣೆ ೧೯೮೦ರ ಜುಲೈಯಲ್ಲಿ, ಕಾರ್ಕಳದ ಬಸ್ ನಿಲ್ದಾಣದ ಹಿಂದಿನ ಒಂದು ಮಹಡಿಯ ಕೋಣೆಯಲ್ಲಿ. ಮನೆಯ ಮಾಲಿಕ, ತೆಂಗಿನೆಣ್ಣೆ ಮಿಲ್ಲಿನ ಸ್ಟ್ಯಾನಿಸ್ಲಾಸರನ್ನು ಮೊದಲು ಕರೆದರು. ದಿನವೂ ಇಗರ್ಜಿಯ ಪೂಜೆಗೆ ಹೋಗುವ ಮನುಷ್ಯ. ಬಾಡಿಗೆದಾರರ ವಿರುದ್ಧವೇ ಹೇಳುತ್ತಾರೆಂದು ವಿಚಾರಣಾಧಿಕಾರಿ ನಂಬಿದ್ದರು.

“ಅವರಿಬ್ಬರ ಬದುಕು ನನಗೆ ಹಿಡಿಸ್ತದೆ ಅಂತ ಬರ್ಕೊಳ್ಳಬೇಡಿ. ಹಿಡಿಸುವುದಿಲ್ಲ. ಆದರೆ ಮನೆ ನನ್ನದು. ಬೇಡ ಅಂತ ಕಂಡರೆ ಬಿಡಿಸುವವನು ನಾನು. ನಿಮಗೆ ಅಲ್ಲಿ ಎಂತ ಕೆಲಸ ಉಂಟು?”

ಸರಕಾರ ಕಣ್ಣು ಮುಚ್ಚಿ ಕುಳಿತಿರಲಾಗದೆಂದು ಅಧಿಕಾರಿ ಹೇಳಿದರು.

“ಮುಚ್ಚುವುದು ಬೇಡ ಮಾರಾಯ್ರೆ. ನಮ್ಮ ರಸ್ತೆಯ ಹೊಂಡ ನೋಡಿ. ಅವನ ಕೈಯಿಂದ ತೆರಿಗೆ ತೆಗೆದುಕೊಳ್ಳುವಾಗ ನಿನ್ನ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದ್ದುಂಟಾ? ಸಂಬಳ ಕೊಡುವಾಗ ಮಾತ್ರ ಎಂತಕ್ಕೆ ಕೇಳುವುದು? ನನ್ನ ಮಿಲ್ಲಿಗೆ ಯಾರು ಬೇಕು, ಯಾರು ಬೇಡ, ಅದು ನನ್ನ ಇಷ್ಟ. ಸರಕಾರಕ್ಕೆ ಅಂಥ ಇಷ್ಟ ಇರ್ಲಿಕ್ಕೆ ಆಗುವುದಿಲ್ಲ. ಅದು ಅವನದ್ದೂ ಹೌದಲ್ವಾ?”

ಬರೆದುಕೊಳ್ಳುತ್ತಿದ್ದ ಗುಮಾಸ್ತ ಅಣ್ಣು ತಲೆ ತಗ್ಗಿಸಿ ನಗು ನುಂಗಿಕೊಂಡ. ಮೂವತ್ತೆರಡು ವರ್ಷ ಪೌರನೀತಿ ಕಲಿಸಿದ ನನಗೆ ಒಮ್ಮೆಯೂ ಹೊಳೆಯದಿದ್ದ ಮಾತದು.

ಆಮೇಲೆ ನನ್ನ ಸರದಿ. ಕ್ಲಾರೆನ್ಸನ ಪರವಾಗಿ ಮೂರು ವಾಕ್ಯಗಳನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಅಧಿಕಾರಿ ಸಭ್ಯರು. ನಾನು ಕುಳಿತೊಡನೆ ನೀರು ತರಿಸಿದರು. ಸಮಾಧಾನಕ್ಕೆಂದು, ಬರೆದುಕೊಳ್ಳಲಿಕ್ಕಲ್ಲ, ಒಂದು ಮಾತು ಕೇಳಿದರು.

“ಮನೆಯಲ್ಲಿ ಯಾರೆಲ್ಲ ಇದ್ದೀರಿ ಟೀಚರ್?”

ನಾನು ಮತ್ತು ನನ್ನ ಚಿಕ್ಕಮ್ಮನ ಮಗಳು ಝೀಟಾ ಎಂದೆ. ನನ್ನ ಪಡಿತರ ಚೀಟಿಯಲ್ಲೂ ಹಾಗೆಯೇ ಇದೆ. ಒಬ್ಬರಿಗೊಬ್ಬರು ಆಸರೆ, ಒಳ್ಳೆಯದಾಯಿತು ಎಂದರು. ಆಮೇಲೆ ನನ್ನ ಮೂರು ವಾಕ್ಯಗಳಲ್ಲಿ ಒಂದೂ ನಾಲಗೆಗೆ ಬರಲಿಲ್ಲ. ಅಕ್ಷರ ನಿಮ್ಮದೇ? ಹೌದು. ಬರೆದದ್ದು ನಿಜವೇ? ಹೌದು. ನೀನು ‘ಹೋರಾಡಿದರು’ ಎಂದು ಬರೆದಿರುವುದು ಈ ಎರಡು ‘ಹೌದು’ಗಳನ್ನು.

ಬಳಿಕ ಅಧಿಕಾರಿ ಒಂದು ಬಿಳಿ ಹಾಳೆಯನ್ನು ಕ್ಲಾರೆನ್ಸನ ಮುಂದೆ ಸರಿಸಿದರು. ರಾಜೀನಾಮೆ ಬರೆದರೆ ಕಡತ ಇಲ್ಲಿಗೇ ಮುಚ್ಚುತ್ತದೆ; ಬರೆಯದಿದ್ದರೆ ಪೊಲೀಸರಿಗೆ ಹೋಗುತ್ತದೆ, ದಂಡಸಂಹಿತೆಯಲ್ಲಿ ಇದಕ್ಕೊಂದು ಕಲಮು ಇದೆ, ಉಮಾನಾಥನ ಹೆಸರೂ ಸೇರುತ್ತದೆ ಎಂದರು. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಶಿಕ್ಷೆ ತನಗೊಬ್ಬನಿಗೇ ಆಗಿದ್ದರೆ ಕ್ಲಾರೆನ್ಸ್ ಪ್ರಶ್ನಿಸುತ್ತಿದ್ದನೋ ಏನೋ. ಉಮಾನಾಥನ ಹೆಸರು ಕೇಳಿದೊಡನೆ ಅಂಗಿಯ ಜೇಬು ತಡಕಿದ. ಪೆನ್ನು ಇರಲಿಲ್ಲ. ನನ್ನ ಕಡೆಗೆ ನೋಡಿದ. ಪೆನ್ನು ಕೊಟ್ಟವಳು ನಾನು.

ಈಗ ಅವನು ಮಣಿಪಾಲದ ಒಂದು ಖಾಸಗಿ ಮುದ್ರಣಾಲಯದಲ್ಲಿ ಕರಡಚ್ಚು ತಿದ್ದುತ್ತಾನೆ. ಕಾಗುಣಿತ ಸರಿಯಾಗಿ ಬರುತ್ತದೆಯೇ ಎಂಬುದರ ಹೊರತು ಅಲ್ಲಿಯ ಯಜಮಾನರು ಬೇರೇನನ್ನೂ ಕೇಳಲಿಲ್ಲವಂತೆ. ಕ್ರಿಸ್ಮಸ್ಸಿಗೆ ಉಮಾನಾಥ ಮಾಡಿದ ಕುಸ್ವಾರಿನ ತಿಂಡಿಗಳ ತಟ್ಟೆ ಹಿಡಿದು ತಪ್ಪದೆ ನಮ್ಮ ಮನೆಗೆ ಬರುತ್ತಾನೆ. ಆ ದಿನದ ಮಾತನ್ನು ಎತ್ತುವುದಿಲ್ಲ. ಎತ್ತಿ ಬೈದಿದ್ದರೆ ನನಗೆ ಉಸಿರಾಡಲು ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಾನು ಹೇಳಿಕೆ ಕೊಟ್ಟರೆ ಮತ್ತೆ ಕರೆಯುತ್ತಾರೆ. ಆ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಈ ಸಲ ಸಮಾಧಾನಕ್ಕಲ್ಲ, ಬರೆದುಕೊಳ್ಳಲಿಕ್ಕೆ. ನನ್ನ ಪಿಂಚಣಿಯ ಮಾತು ಬಿಡು. ಝೀಟಾಳ ಸರಕಾರಿ ಸೇವೆ ಇನ್ನೂ ಹದಿನಾಲ್ಕು ತಿಂಗಳಿದೆ. ಈ ಪತ್ರವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಐದನೆಯದನ್ನು ಅವಳು ನಿನ್ನೆ ಮಧ್ಯಾಹ್ನ ಮೇಜಿನ ಮೇಲೆ ಕಂಡು ಓದಿದಳು. ನಿನ್ನ ನಿವೃತ್ತಿಯಾಗಲಿ, ಆಮೇಲೆ ಕಳಿಸುತ್ತೇನೆ ಎಂದೆ. ಮಾರ್ಚ್ ತಿಂಗಳು ಅಲ್ಲಿಯವರೆಗೆ ಕಾಯುತ್ತದೆಯೇ ಎಂದು ಕೇಳಿದಳು. ವಕೀಲರು ಹಾಜರಿದ್ದವರ ಪಟ್ಟಿ ಕೇಳಿದ್ದಾರೆ, ಅದನ್ನು ಪೂರ್ತಿಯಾಗಿ ಬರೆಯಬೇಕು ಎಂದಳು. ಮತ್ತೆ ಅನ್ನಕ್ಕೆ ಅಕ್ಕಿ ತೊಳೆಯಲು ಹೋದಳು.

ಪ್ರತಿ ಹಾಳೆಯ ಕೆಳಗೂ ಸಹಿ ಮಾಡಿದ್ದೇನೆ. ಈ ಪತ್ರವನ್ನೇ ವಕೀಲರಿಗೆ ಕೊಡು.

ನಿನ್ನ ಉಪಕಾರಸ್ಮರಣೆಗೆ ತಕ್ಕವಳಲ್ಲದ,
ಆಂಜೆಲಾ ರೊಸಾರಿಯೊ
ನಿವೃತ್ತ ಮುಖ್ಯೋಪಾಧ್ಯಾಯಿನಿ

ಮರುಬರಹ: ಅಂದು ಹಾಜರಿದ್ದವರು: ವಿಚಾರಣಾಧಿಕಾರಿ ಶ್ರೀ ಕಜೆಟನ್ ಪಿಂಟೊ. ಗುಮಾಸ್ತ ಶ್ರೀ ಅಣ್ಣು ಪೂಜಾರಿ. ಮನೆಯ ಮಾಲಿಕ ಶ್ರೀ ಸ್ಟ್ಯಾನಿಸ್ಲಾಸ್ ಕಸ್ತಲಿನೊ. ನಿನ್ನ ಅಣ್ಣ ಕ್ಲಾರೆನ್ಸ್. ಒಳಗೆ ಬಿಡದ ಕಾರಣ ಕೆಳಗೆ ಮೆಟ್ಟಿಲ ಬುಡದಲ್ಲಿ ನಿಂತಿದ್ದ ಉಮಾನಾಥ. ನಾನು. ಬಾಗಿಲ ಹೊರಗಿನ ಬೆಂಚಿನಲ್ಲಿ ನನ್ನ ಕೊಡೆ ಹಿಡಿದು ಕುಳಿತು ಎಲ್ಲವನ್ನೂ ಕೇಳಿಸಿಕೊಂಡ ಝೀಟಾ ಲೋಬೊ. ಷರಾ: ನನ್ನ ತಾಯಿಗೆ ತಂಗಿಯರು ಇರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಜತೆಯಾಗಿ ವಾಸ. ಒಲೆ ಒಂದೇ.