ಪಾದ್ರಿ ಮನೆಯ ಇಟ್ಟಿಗೆ

ಎಲಿಕಾಟ್ ಸಿಟಿ, ಅಮೆರಿಕ
9 ಅಕ್ಟೋಬರ್ 2023

ಮುಜಮ್ಮಿಲ್ ಮೇಸ್ತ್ರಿಗಳಿಗೆ ನಮಸ್ಕಾರ.

ಇಲ್ಲಿ ಇನ್ನೂರು ವರ್ಷದ ಪಾದ್ರಿ ಮನೆಯೊಂದನ್ನು ರಿಪೇರಿ ಮಾಡಿಸುತ್ತಿದ್ದೇನೆ. ಇಂಗ್ಲೆಂಡಿನ ಪಾದ್ರಿ ಕಟ್ಟಿಸಿದ್ದು. ಇಟ್ಟಿಗೆಯೂ ಅಲ್ಲಿಂದಲೇ ಹಡಗಿನಲ್ಲಿ ಬಂತೆಂದು ಚರ್ಚಿನವರ ನಂಬಿಕೆ. ಅಡುಗೆಮನೆಯ ಗಾರೆ ಕೀಳಿಸಿದಾಗ ಒಂದು ಇಟ್ಟಿಗೆಯ ಮೇಲೆ ಮಗುವಿನ ಐದು ಬೆರಳಿನ ಗುರುತು ಸಿಕ್ಕಿತು. ಪರೀಕ್ಷೆ ಮಾಡಿಸಿದರೆ ಮಣ್ಣು ಈ ಮನೆಯ ಹಿತ್ತಲಿನದೇ. ಅಲ್ಲಿ ಇಟ್ಟಿಗೆ ಕೊಯ್ದವರು ಪಾದ್ರಿಯ ಗುಲಾಮರು.

“ಅದರ ಮೇಲೂ ಗಾರೆ ಮಾಡಿಬಿಡಿ” ಎಂದರು ಚರ್ಚಿನ ಕಮಿಟಿಯವರು. ಆಗುವುದಿಲ್ಲ ಎಂದೆ. ಕೆಲಸ ಹೋದರೆ ವೀಸಾವೂ ಹೋಗುತ್ತದೆಂದು ಗೊತ್ತಿತ್ತು. ಅದೇ ಅಡುಗೆಮನೆಯಲ್ಲಿ ನಡೆದ ಮುಂದಿನ ಮೀಟಿಂಗಿಗೆ ಆ ಗುಲಾಮರ ವಂಶದ ರೂತ್ ಆಂಟಿಯನ್ನು ಕರೆದೆ. ಅವರು ಗುರುತಿನ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಯಾರೂ ಮುಚ್ಚುವ ಮಾತೆತ್ತಲಿಲ್ಲ.

ಈಗ ಆ ಇಟ್ಟಿಗೆ ಬಿಟ್ಟು ಸುತ್ತಲೂ ಗಾರೆ ಮಾಡಬೇಕು. ಅಂಚು ಬಿರುಕು ಬಿಡದ ಹಾಗೆ ಸುಣ್ಣಕ್ಕೆ ಎಷ್ಟು ಮರಳು ಹಾಕಲಿ, ತಿಳಿಸಿ. ಗಾರೆ ಮಾಡುವ ದಿನ ರೂತ್ ಆಂಟಿ ಬಂದು ಕೂರುತ್ತಾರಂತೆ.

ನಿಮ್ಮ ಹತ್ತಿರ ಕರಣೆ ಹಿಡಿಯಲು ಕಲಿತ,
ಕಾತ್ಯಾಯಿನಿ